ಷಡ್ಡಕರಿಗೆ ತೋರಿಸಿದ ಮಾಳಢೋಕ ಹಕ್ಕಿ

ಊರು ತೋರಿಸುವುದು ಏನು ಮಹಾ ಕೆಲಸ? ಐವತ್ತನಾಲ್ಕು ವರ್ಷದಿಂದ ಸೊಲ್ಲಾಪುರದಲ್ಲೇ ಇರುವ, ಚಾದರದ ಅಂಗಡಿ ಇಟ್ಟಿರುವ ನನಗೆ ಇಲ್ಲಿನ ಪ್ರೇಕ್ಷಣೀಯ ಸ್ಥಳಗಳು ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಈ ಧೈರ್ಯದ ಮೇಲೆಯೇ ಷಡ್ಡಕರನ್ನು ಕರೆಸಿಕೊಂಡೆ.

ಷಡ್ಡಕ ಗುರುನಾಥ, ಅಂದರೆ ನನ್ನ ಹೆಂಡತಿ ಸುಮಿತ್ರಾಳ ತಂಗಿಯ ಗಂಡ, ಜೈಸಲ್ಮೇರದಲ್ಲಿ ಬ್ಯಾಂಕ್ ಮ್ಯಾನೇಜರ್. ಹೋದ ವರ್ಷ ನಾವು ಹೋದಾಗ ಆ ಮರುಭೂಮಿಯ ಊರನ್ನು ಚೂರೂ ಬಿಡದೆ ತೋರಿಸಿದ್ದ. ಹಳದಿ ಕಲ್ಲಿನ ಕೋಟೆ, ಹವೇಲಿಗಳು, ಗಡಿಸರ ಕೆರೆ, ಮರಳ ದಿಬ್ಬದ ಮೇಲೆ ಒಂಟೆ ಸವಾರಿ. ಒಂಟೆ ನನ್ನನ್ನು ಇಳಿಸಿದ ರೀತಿಯೊಂದನ್ನು ಬಿಟ್ಟರೆ ಎಲ್ಲವೂ ಅಚ್ಚುಕಟ್ಟು! ಅಂದಿನಿಂದ ಸುಮಿತ್ರಾಳಿಗೆ ಒಂದೇ ಚಿಂತೆ.

“ಅವರು ಬಂದಾಗ ನಾವೇನ್ ತೋರಸೂದ್ರಿ? ತಂಗಿ ಮುಂದ ನನ್ನ ಮರ್ಯಾದಿ ಕಳೀಬ್ಯಾಡ್ರಿ. ಇಷ್ಟ ಕೇಳ್ತೀನಿ.”

“ನಿನ್ನ ಮರ್ಯಾದಿ ನನ್ನ ಜವಾಬ್ದಾರಿ!” ಎಂದೆ. ಪಾಪ, ನಂಬಿದಳು.

ಮೇ ತಿಂಗಳಲ್ಲಿ ಅವರು ಬಂದರು. ಅಕ್ಕಲಕೋಟದಲ್ಲಿ ದರ್ಶನ, ಪ್ರಸಾದ ಎಲ್ಲ ಸುಸೂತ್ರವಾಗಿ ಮುಗಿಯಿತು. ಅದು ದೇವರ ವ್ಯವಸ್ಥೆ. ನನ್ನ ವ್ಯವಸ್ಥೆ ಅಲ್ಲಿಂದ ಮುಂದೆ ಶುರುವಾಯಿತು.

“ನಿಮ್ಮಲ್ಲಿ ಬರೇ ಉಸುಕು. ಬರ್ರಿ ಗುರುನಾಥರ, ನೀರಂದ್ರ ಏನಂತ ತೋರಸ್ತೀನಿ!” ಎಂದು ಕುರನೂರ ಅಣೆಕಟ್ಟಿಗೆ ಕರೆದೊಯ್ದೆ. ಅದನ್ನು ನಾನು ನೋಡಿದ್ದು ಜೀವನದಲ್ಲಿ ಒಂದೇ ಸಲ, ಅದೂ ಭರ್ತಿ ಮಳೆಗಾಲದಲ್ಲಿ. ಈಗ ಕಂಡದ್ದು ಬಿರುಕು ಬಿಟ್ಟ ನೆಲ, ನಡುವೆ ಒಂದು ಎಮ್ಮೆ ಕೂರುವಷ್ಟು ನೀರು. ಎಮ್ಮೆ ಕೂತೂ ಇತ್ತು. ಹೀಗಾಗಿ ನೀರು ಕಾಣಲಿಲ್ಲ.

“ಥೇಟ್ ನಮ್ಮ ಜೈಸಲ್ಮೇರ ಆತಲ್ರಿ ಅಣ್ಣಾರ,” ಎಂದು ಗುರುನಾಥ ಭಕ್ತಿಯಿಂದ ಫೋಟೊ ಹೊಡೆದ.

ಸುಮಿತ್ರಾ ಹಿಂದಿನಿಂದ ಚಿವುಟಿದಳು. ಅವಳ ಮುಖ ಸಣ್ಣದಾಗಿದ್ದು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಆ ಸಂಕಟದಲ್ಲಿ ಬಾಯಿಂದ ಒಂದು ಮಾತು ಜಾರಿತು: “ಮಾಳಢೋಕ ಹಕ್ಕಿ ತೋರಸ್ತೀನಿ!”

ಮಾಳಢೋಕವೆಂದರೆ ಬಯಲಿನ ದೊಡ್ಡ ಹಕ್ಕಿ, ಈಗ ಕಾಣುವುದೇ ಅಪರೂಪ. ನಾನು ಕಂಡಿದ್ದು ಅರಣ್ಯ ಇಲಾಖೆಯ ಗೋಡೆಯ ಮೇಲಿನ ಚಿತ್ರದಲ್ಲಿ. ಆದರೂ ಬೋರಾಮಣಿಯ ಹುಲ್ಲುಗಾವಲಿನ ಕಡೆ ಕಾರು ತಿರುಗಿಸಿದೆ. ಇಳಿದು ಐದು ನಿಮಿಷವಾಗಿರಲಿಲ್ಲ, ದೂರದ ಹುಲ್ಲಿನಲ್ಲಿ ಕಂಡೇಬಿಟ್ಟಿತು! ಕೆಳಗೆ ಕಪ್ಪು ಮೈ, ಮೇಲೆ ಬಿಳಿ ತಲೆ.

“ಯಾರೂ ಉಸಿರ್ ಬಿಡಬ್ಯಾಡ್ರಿ! ಕೂಡ್ರಿ!”

ನಾಲ್ವರೂ ಮಟಮಟ ಮಧ್ಯಾಹ್ನ ಮುಳ್ಳಿನಲ್ಲಿ ಕುಕ್ಕರಗಾಲಲ್ಲಿ ಕೂತೆವು. ಅರ್ಧ ತಾಸಾಯಿತು. ಸುಮಿತ್ರಾಳ ಮುಖ ಅರಳಿತ್ತು. ನಾದಿನಿ ಶಾಂತಾ ಪಿಸುಗುಟ್ಟಿದಳು: “ಮಾಮಾರ, ಅದು ಹಾರೂದಿಲ್ಲೇನ್ರಿ?”

“ಭಾರೀ ಹಕ್ಕಿ. ಪೂರಾ ವಿಚಾರ ಮಾಡೇ ಹಾರತದ,” ಎಂದೆ.

ಅಷ್ಟರಲ್ಲಿ ಹಕ್ಕಿ ಬೀಡಿ ಹಚ್ಚಿತು.

ಆಮೇಲೆ ಎದ್ದು ನಮ್ಮ ಕಡೆಗೇ ನಡೆದು ಬಂತು. ಬಿಳಿ ರುಮಾಲು ಸುತ್ತಿ, ಕರಿ ಕಂಬಳಿ ಹೊದ್ದ ಕುರಿಗಾಹಿ!

“ಯಾಕ್ರಿ ಸಾಹುಕಾರ, ಆವಾಗಿಂದ ನನ್ನ ಕಡೀನೇ ನೋಡ್ಕೋತ ಕುಂತೀರಿ? ಏನರ ಕಳದದೇನ್ರಿ?”

ಕಳೆದದ್ದು ಸುಮಿತ್ರಾಳ ಮರ್ಯಾದಿ. ಹಕ್ಕಿಯ ಹೆಸರನ್ನಷ್ಟೇ ಹೇಳಿದೆ.

“ಮಾಳಢೋಕ? ನಮ್ಮಪ್ಪ ನೋಡಿದ್ನಂತ್ರಿ. ನಾ ಒಂದೂ ಕಂಡಿಲ್ರಿ. ಈಗ ಅವು ರಾಜಸ್ಥಾನದಾಗ ಅದಾವಂತ.”

ಎಲ್ಲರೂ ಗುರುನಾಥನ ಕಡೆ ತಿರುಗಿದರು. ಸಂಭಾವಿತ ಮನುಷ್ಯ, ಬಹಳ ಹೊತ್ತು ಕೆಮ್ಮಿದ.

“ಹೌದ್ರಿ... ನಮ್ಮ ಕಡೀನ ಅದಾವ. ಹೋದ ವರ್ಷ ಅಣ್ಣಾರಿಗೆ ತೋರಿಸೀನ್ರೀ.”

“ನನಗ?”

ಶಾಂತಾಗೆ ನಗು ತಡೆಯಲಾಗಲಿಲ್ಲ. “ಅಕ್ಕಾ, ಅವತ್ತ ನೀ ತಲಿನೋವಂತ ಮನ್ಯಾಗ ಇದ್ದಿ. ಮೂರು ಹಕ್ಕಿ ಎದುರಿಗೇ ನಿಂತಿದ್ವು. ಮಾಮಾರು ಜೀಪಿನಿಂದ ಇಳೀಲೇ ಇಲ್ಲ. ‘ಕೋಳಿ ನೋಡಾಕ ಇಷ್ಟು ದೂರ ಬರಬೇಕಾಗಿತ್ತೇನು?’ ಅಂದ್ರು.”

ಸುಮಿತ್ರಾ ನನ್ನನ್ನು ನೋಡಲಿಲ್ಲ. ಕುರಿಗಾಹಿಯ ಕಡೆ ತಿರುಗಿ ಶಾಂತವಾಗಿ ಹೇಳಿದಳು: “ಅಣ್ಣಾ, ಆ ಕಂಬಳಿ ಒಂಚೂರು ಕೊಡ್ರಿ. ಇವರ ಮಾರಿಗೆ ಮುಚ್ಚಬೇಕು.”

ಅವನು ಕೊಟ್ಟೇಬಿಟ್ಟ! ಮೇ ತಿಂಗಳ ಬಿಸಿಲಲ್ಲಿ ನಾನು ತೆಪ್ಪಗೆ ಹೊದ್ದುಕೊಂಡೆ. ಹೊರಗೆ ಫೋಟೊ ಹೊಡೆಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಸೊಲ್ಲಾಪುರದ ಕಡೆ ನೋಡತಕ್ಕಂಥದ್ದು ಗುರುನಾಥನಿಗೆ ಕೊನೆಗೂ ಒಂದು ಸಿಕ್ಕಿತ್ತು.