ಹೂ ಬಿಟ್ಟ ಕೂಡಲೇ ಉಳಬೇಕು

ವರದಿಗಾರನ ದೊಡ್ಡ ಸುಖವೆಂದರೆ ಬರೆದದ್ದನ್ನು ತಾನೇ ಮಾಡಿ ತೋರಿಸಬೇಕಾಗಿಲ್ಲ. ಸೇತುವೆಯ ಬಗ್ಗೆ ಬರೆದವನಿಗೆ ಯಾರೂ ಸೇತುವೆ ಕಟ್ಟಲು ಹೇಳುವುದಿಲ್ಲ. ಕಾರವಾರದ ಕಚೇರಿಯಲ್ಲಿ ಕುಳಿತು ವರ್ಷಗಟ್ಟಲೆ ಈ ಸುಖ ಉಂಡ ನನಗೆ ಅದು ತಪ್ಪಿದ್ದು ಅಲಸಂದೆಯಿಂದ. ಭತ್ತ ಕೊಯ್ದ ಗದ್ದೆಯನ್ನು ಬೋಳು ಬಿಡದೆ ಅಲಸಂದೆ ಬಿತ್ತಬೇಕು, ಹೂ ಬಿಟ್ಟ ಕೂಡಲೇ ಗಿಡಸಮೇತ ಉತ್ತು ಮಣ್ಣಿಗೆ ಸೇರಿಸಬೇಕು, ಕಾಯಿ ಕಟ್ಟಲು ಬಿಟ್ಟರೆ ಸತ್ವವೆಲ್ಲ ಕಾಯಿಗೇ ಹೋಗುತ್ತದೆ ಎಂದು ಕೃಷಿ ಅಧಿಕಾರಿಯೊಬ್ಬರು ಹೇಳಿದ್ದನ್ನು ಚಾಚೂ ತಪ್ಪದೆ ಬರೆದಿದ್ದೆ.

ಅಂಕೋಲೆಯಲ್ಲಿ ನಮ್ಮ ನೆರೆಮನೆಯ ಬೊಮ್ಮಯ್ಯ ಅದನ್ನು ಚಹಾದಂಗಡಿಯಲ್ಲಿ ಓದಿ ನೇರ ನಮ್ಮ ಅಂಗಳಕ್ಕೆ ಬಂದ. ಅವನದು ಎರಡು ಎಕರೆ ಗದ್ದೆ, ಸ್ವಂತ ಟಿಲ್ಲರ್. ನನ್ನದು ಮನೆ ಹಿಂದಿನ ಆರು ಗುಂಟೆ, ಅದನ್ನು ಉಳುವವನೂ ಅವನೇ.

“ಅಲ್ರಾ, ಬರ್ದವ್ರು ಮೊದ್ಲು ಹಾಕಿ ತೋರ್ಸಿ. ನಿಮ್ಮ ಭತ್ತ ಚಲೋ ಬಂದ್ರೆ ಬರೂ ವರ್ಷ ನಾನೂ ಹಾಕ್ತೆ. ಇಲ್ಲಾಂದ್ರೆ ಪೇಪರ್ ಓದೂದೇ ಬಿಡ್ತೆ.”

ನಮ್ಮ ಓಣಿಯಲ್ಲಿ ನನ್ನ ವರದಿಯನ್ನು ಕೊನೆಯ ಸಾಲಿನವರೆಗೆ ಓದುವವನು ಅವನೊಬ್ಬನೇ. ಬಿತ್ತಿದೆ.

ಒಂದೂವರೆ ತಿಂಗಳಿಗೆ ಹೂ ಬಂತು. ಬೊಮ್ಮಯ್ಯ ಟಿಲ್ಲರ್ ತಂದ. ನನ್ನ ಹೆಂಡತಿ ಗದ್ದೆಗಿಳಿದು ಅಡ್ಡ ನಿಂತಳು.

“ಹೂ ಬಿಟ್ಟ ಗಿಡ ಹುಗಿಯೂಕೆ ಯಾರು ಹೇಳಿದ್ರು?”

“ಪೇಪರಿನಲ್ಲಿದೆ” ಎಂದೆ.

“ಹಂಗಾರೆ ನಾಳಿಂದ ಪಲ್ಯಕ್ಕೂ ಪೇಪರ್ನೇ ಹೆಚ್ಚಿ ಹಾಕ್ತೆ.”

ಒಂದು ಕೊಯ್ಲು ಮುಗಿಯಲಿ ಎಂದು ತೀರ್ಮಾನವಾಯಿತು. ಟಿಲ್ಲರ್ ವಾಪಸಾಯಿತು. ಮೊದಲ ಕೊಯ್ಲು ಒಣ ಸೀಗಡಿಯ ಜೊತೆ ಸಾರಾಯಿತು. ಗಿಡಗಳು ನಾಚಿಕೆಯಿಲ್ಲದೆ ಮತ್ತೆ ಹೂ ಬಿಟ್ಟವು. ಎರಡನೆಯ ಕೊಯ್ಲಿಗೆ ಓಣಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ಬಂದರು. ಗೊಬ್ಬರವಾಗಬೇಕಾದದ್ದು ಮನೆ ಮನೆಯ ಒಲೆಯೇರಿತು.

ಮೂರನೆಯ ವಾರ ಹೆಂಡತಿಯೇ ಕೈಮುಗಿದಳು. “ಸಾಕು ಮಾರಾಯ್ರೇ, ಉತ್ತು ಹುಗಿದುಬಿಡಿ. ಮಕ್ಕಳು ತಾಟು ನೋಡಿ ಎದ್ದು ಹೋಗ್ತಾವೆ.” ಹಾಗೆಂದು ಅವಳು ಪೇಟೆಗೆ ಹೋದಳು.

ಬೊಮ್ಮಯ್ಯನಿಗೆ ಹೇಳಿಕಳಿಸಿ, ಅವನು ಬರುವ ಮೊದಲು ನಾನೊಬ್ಬನೇ ಗದ್ದೆಗೆ ಇಳಿದೆ. ಎಲೆ ಸರಿಸಿ ನೋಡಿದೆ. ಗೇಣುದ್ದದ ಎಳೆಕಾಯಿಗಳು ಜೋಡಿ ಜೋಡಿಯಾಗಿ ತೂಗುತ್ತಿದ್ದವು. ಟಿಲ್ಲರ್ ಸದ್ದು ಹತ್ತಿರವಾಗುತ್ತಿದ್ದಂತೆ ರಸ್ತೆಗೆ ಓಡಿ, ಕಾರಣ ಹೇಳದೆ, ಇವತ್ತು ಬೇಡ ಎಂದು ಕೈ ಅಡ್ಡ ಹಿಡಿದೆ. ಕೊನೆಗೆ ಉತ್ತದ್ದು ಒಣಗಿದ ಬಳ್ಳಿಯನ್ನು. ಮುಂದಿನ ಭತ್ತ ಎಂದಿನಷ್ಟೇ ಬಂತು.

ಬೊಮ್ಮಯ್ಯ ಅಂಚಿನಲ್ಲಿ ನಿಂತು ತೆನೆ ಮುಟ್ಟಿ ನೋಡಿದ. “ಪೇಪರ್ನಲ್ಲಿ ಬಂದದ್ದು ಸುಳ್ಳೇ ಆಯ್ತಲ್ರಾ?”

ವರದಿ ಸರಿಯಾಗಿಯೇ ಇತ್ತು, ಉಳುಮೆ ಮಾತ್ರ ಮುಂದೂಡಲ್ಪಟ್ಟಿತ್ತು ಎಂದೆ. ಮುಂದೂಡಿದ್ದು ಯಾರು ಎಂದು ಅವನು ಕೇಳಲಿಲ್ಲ. ಅಡುಗೆಮನೆಯ ಕಡೆ ನೋಡಿ ತಲೆಯಾಡಿಸಿದ.

“ತಿಳೀತು. ಬರೂ ವರ್ಷ ನಾನು ಹಾಕ್ತೆ. ಹೂ ಬರೂ ಹೊತ್ತಿಗೆ ನಮ್ಮನೆಯವಳನ್ನ ತವರಿಗೆ ಕಳಿಸ್ಬಿಡ್ತೆ.”

ತಪ್ಪು ಮಾಹಿತಿ ಗಮನಕ್ಕೆ ಬಂದ ಮರುದಿನವೇ ತಿದ್ದುಪಡಿ ಪ್ರಕಟಿಸುವುದು ನಮ್ಮ ಕಚೇರಿಯ ಶಿಸ್ತು. ಉಳುಮೆ ಮುಂದೂಡಿದ್ದು ಯಾರೆಂಬ ಈ ಪ್ರಕರಣದಲ್ಲಿ ಅದು ಇನ್ನೂ ಪ್ರಕಟವಾಗಿಲ್ಲ.