ನನ್ನ ಥೈರಾಯ್ಡೂ ಚಿಕ್ಕತ್ತೆಯ ಪಥ್ಯವೂ

ನಾನು ರಸಾಯನಶಾಸ್ತ್ರದ ಮೇಷ್ಟ್ರು. ಜಾತಕ, ರಾಹುಕಾಲ, ದೃಷ್ಟಿ ತೆಗೆಯುವುದು, ಇವು ಯಾವುದನ್ನೂ ನಂಬುವವನಲ್ಲ. ನಂಬುವವರಿಗೆ ಒಂದು ಅನುಕೂಲವಿದೆ, ಎಡವಟ್ಟಾದರೆ ಗ್ರಹಗತಿ ಅಂದು ಸುಮ್ಮನಾಗಬಹುದು. ನನಗೂ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಆದರೆ ಹುಡುಕಿ ನೋಡಿದರೆ ಕಾರಣ ಪ್ರತಿಸಲವೂ ನಾನೇ.

ಹೆಂಗಸರ ಸಾಲು

ಒಂದು ಮಧ್ಯಾಹ್ನ ಪಿಯುಸಿ ತರಗತಿಯಲ್ಲಿ ಪಾಠ ಮಾಡುತ್ತಾ ನಿದ್ದೆ ಹೋದೆ. ನನ್ನ ಪಾಠದಲ್ಲಿ ನಿದ್ದೆ ಹೋಗುವುದು ಹೊಸದಲ್ಲ, ಮೇಷ್ಟ್ರೇ ಹೋದದ್ದು ಹೊಸದು. ಅದರ ಜೊತೆಗೆ ಮರೆವು. ಬೇಸಿಗೆಯಲ್ಲೂ ಸ್ವೆಟರ್ ಬೇಕು. ಡಾಕ್ಟರಮ್ಮ ನನ್ನ ಕುತ್ತಿಗೆ ಮುಟ್ಟಿ ನೋಡಿ, "ಥೈರಾಯ್ಡ್ ಟೆಸ್ಟ್ ಮಾಡಿಸಿ ಸರ್" ಅಂದರು. ಗ್ರಂಥಿ ಸೋಮಾರಿಯಾದಷ್ಟೂ ರಕ್ತದಲ್ಲಿ ಟಿಎಸ್‌ಎಚ್ ಎಂಬ ಅಂಶ ಮೇಲೇರುತ್ತದಂತೆ.

ಮೂರ್ನಾಡಿನ ಲ್ಯಾಬಿನ ಬೆಂಚಿನ ತುಂಬ ಹೆಂಗಸರು. ಕೌಂಟರಿನ ಹುಡುಗಿ "ಥೈರಾಯ್ಡ್ ಯಾರು?" ಅಂತ ಕೂಗಿ, ನನ್ನ ಹೆಂಡತಿಯನ್ನು ನೋಡಿ "ಬನ್ನಿ ಅಕ್ಕ" ಅಂದಳು.

"ನಂಗಲ್ಲಮ್ಮ, ಇವ್ರಿಗೆ."

ಬೆಂಚು ಒಟ್ಟಾಗಿ ನನ್ನ ಕಡೆ ತಿರುಗಿತು. ಒಬ್ಬರು ಸರಿದು ಜಾಗ ಕೊಟ್ಟರು. ಇನ್ನೊಬ್ಬರು, "ಎಲೆಕೋಸು ತಿನ್ಬೇಡಿ ಅಣ್ಣ" ಅಂದರು. ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತದೆ ಅಭ್ಯಾಸಬಲದಲ್ಲಿ ಕೇಳಿದಳು: "ಕೊನೇ ಸಲ ಮುಟ್ಟಾಗಿದ್ದು ಯಾವಾಗ?"

ಹೆಂಡತಿಯೇ ಉತ್ತರ ಕೊಟ್ಟಳು: "ಇವ್ರಿಗೆ ನೆನಪಿರಲ್ಲಮ್ಮ. ಮರೆವು ಜಾಸ್ತಿ ಅಂತಾನೇ ಬಂದಿರೋದು."

ಸೂಜಿಯ ಮುಂದೆ ಭಾಷಣ

ಒಳಗೆ ರಕ್ತ ತೆಗೆಯುವವನು ತೋಳಿಗೆ ರಬ್ಬರ್ ಪಟ್ಟಿ ಬಿಗಿದ. ನಾನು ಯಂತ್ರವನ್ನು ತೋರಿಸಿ ವಿಚಾರಣೆ ಶುರು ಮಾಡಿದೆ. ರಾಸಾಯನಿಕಗಳನ್ನು ಎಷ್ಟು ತಣ್ಣಗೆ ಇಡುತ್ತೀರಿ? ಯಂತ್ರ ಸರಿಯಾಗಿ ಅಳೆಯುತ್ತಿದೆ ಅಂತ ಹೇಗೆ ಗೊತ್ತು? ಯಾವ ಅಳತೆಯನ್ನೂ ಪ್ರಶ್ನಿಸದೆ ಒಪ್ಪಬಾರದು, ಅದು ವಿಜ್ಞಾನದ ಮೊದಲ ಪಾಠ.

"ಹೌದು ಸಾರ್" ಅಂದ ಅವನು. "ಮುಷ್ಟಿ ಹಿಡೀರಿ."

ಎರಡನೇ ಪಾಠಕ್ಕೆ ಬರುವಷ್ಟರಲ್ಲಿ ಸೂಜಿ ಕಂಡಿತು. ಆಮೇಲೆ ಕಂಡದ್ದು ಚಾವಣಿ. ಬೆಂಚಿನ ಹೆಂಗಸರೆಲ್ಲ ನನ್ನ ಸುತ್ತ ನಿಂತು ಗಾಳಿ ಹಾಕುತ್ತಿದ್ದರು. ಎಲೆಕೋಸಿನ ಅಕ್ಕ ಪಕ್ಕದ ಹೋಟೆಲಿನಿಂದ ಕಾಫಿ ತರಿಸಿದ್ದರು. ಕೊಡಗಿನಲ್ಲಿ ಹುಟ್ಟಿದರೂ ಸತ್ತರೂ ಮೊದಲು ಕಾಫಿ, ತಲೆ ಸುತ್ತಿದರೆ ಬಿಟ್ಟಾರೆಯೇ.

"ಪಾಪ, ಇವರಿಗೆ ಹೆರಿಗೆ ಒಂದು ಆಗ್ಬೇಕಿತ್ತು" ಅಂದರು ಯಾರೋ.

ಎರಡು ಲ್ಯಾಬು, ಒಂದು ಪಂದ್ಯ

ಟಿಎಸ್‌ಎಚ್ ಇರಬೇಕಾದ್ದಕ್ಕಿಂತ ಎಷ್ಟೋ ಮೇಲಿತ್ತು. ಡಾಕ್ಟರಮ್ಮ ಬಿಳಿ ಮಾತ್ರೆ ಬರೆದು, "ಬೆಳಿಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಗೆ. ಆಮೇಲೆ ಒಂದು ಗಂಟೆ ಏನೂ ಬೇಡ" ಅಂದರು. ನಾನು ಅಕ್ಷರಶಃ ಪಾಲಿಸಿದೆ. ಎದ್ದ ತಕ್ಷಣ ಹೆಂಡತಿ ತರುವ ಬೆಲ್ಲದ ಕಾಫಿಯ ಜೊತೆ ಮಾತ್ರೆ ನುಂಗಿ, ಒಂದು ಗಂಟೆ ಒಂದು ಬಿಸ್ಕೆಟನ್ನೂ ಮುಟ್ಟುತ್ತಿರಲಿಲ್ಲ.

ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ. ಇಳಿದಿರಲಿಲ್ಲ. ಡೋಸ್ ಏರಿತು. ಮತ್ತೆ ಪರೀಕ್ಷೆ, ಮತ್ತೆ ಅಷ್ಟೇ. ನನಗೆ ಲ್ಯಾಬಿನ ಮೇಲೆ ಅನುಮಾನ ಬಂದು, ಮಾರನೇ ದಿನವೇ ಮಡಿಕೇರಿಗೆ ಹೋಗಿ ಇನ್ನೊಂದು ಕಡೆಯೂ ರಕ್ತ ಕೊಟ್ಟೆ. ಅಲ್ಲಿಯೂ ಜಾಸ್ತಿಯೇ, ಚೂರು ಕಡಿಮೆ ಜಾಸ್ತಿ. "ನೋಡು, ವ್ಯತ್ಯಾಸ ಇದೆ!" ಅಂದೆ ಹೆಂಡತಿಗೆ.

"ಹಂಗಾದ್ರೆ ಮಡಿಕೇರಿಗೆ ಹೋದಾಗ ಸ್ವಲ್ಪ ಹುಷಾರಾಗಿರ್ತೀರಾ ಅಂತಾಯ್ತು."

ಅದೇ ವಾರ ಶನಿವಾರಸಂತೆಯಿಂದ ಅವಳ ಚಿಕ್ಕಮ್ಮ, ಅಂದರೆ ನನ್ನ ಚಿಕ್ಕತ್ತೆ, ಒಂದು ಬಾಟಲಿ ಕಷಾಯ ಹಿಡಿದು ಬಂದರು. ಬಣ್ಣ ರಸ್ತೆಗೆ ಹಾಕುವ ಟಾರಿನದು. ಏನೇನು ಹಾಕಿದ್ದೀರಿ ಅಂತ ಕೇಳಿದೆ.

"ಹೇಳಿದ್ರೆ ಗುಣ ಹೋಯ್ತದೆ ಅಳಿಯಂದ್ರೆ."

"ಹೇಳದಿದ್ದರೆ ನಾನು ಕುಡಿಯೋದಿಲ್ಲ ಅತ್ತೆ. ನಾನು ಓದಿದವನು."

"ಓದಿ ಏನ್ ಬಂತು? ಊಟದ ಎಲೆ ಮುಂದೆ ತೂಕಡಿಸ್ತಾ ಕೂತಿದ್ದೀರಿ."

ಮಾತು ಬೆಳೆಯಿತು. ಕೊನೆಗೆ ನಾನೇ ಪಂದ್ಯ ಕಟ್ಟಿದೆ: ಡೋಸ್ ಮತ್ತೆ ಏರಿದೆ, ಮುಂದಿನ ಪರೀಕ್ಷೆಯಲ್ಲಿ ವಿಜ್ಞಾನ ಗೆಲ್ಲುತ್ತದೆ. ಗೆಲ್ಲದಿದ್ದರೆ ನಿಮ್ಮ ಕಷಾಯ ಕುಡಿಯುತ್ತೇನೆ, ಕುಡಿಯುತ್ತೇನೆಂದು ನಿಮ್ಮ ಊರಿಗೆಲ್ಲ ಸಾರಿಕೊಳ್ಳಿ.

ವಿಜ್ಞಾನ ಗೆಲ್ಲಲಿಲ್ಲ. ಚಿಕ್ಕತ್ತೆ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಸಾರಿಯಾಗಿತ್ತು.

ಕಷಾಯ

ಕುಡಿಯುವ ಕ್ರಮವನ್ನು ಅವರು ಎದುರು ಕೂರಿಸಿಕೊಂಡು ಹೇಳಿದರು. "ಇಂಗ್ಲಿಷ್ ಮದ್ದೂ ನನ್ನ ಮದ್ದೂ ಹೊಟ್ಟೇಲಿ ಜಗಳ ಆಡ್ಬಾರ್ದು. ಎದ್ದ ಕೂಡ್ಲೆ ಮಾತ್ರೆ, ಬರೀ ನೀರಲ್ಲಿ. ಒಂದು ಗಂಟೆ ಬಿಟ್ಟು ಕಷಾಯ. ಕಷಾಯ ಆಗೋಗಂಟ ಕಾಫಿ ಮುಟ್ಟಂಗಿಲ್ಲ. ಪಥ್ಯ."

ಕಾಫಿ ಇಲ್ಲದ ಆ ಒಂದು ಗಂಟೆ ನಾನು ಜಗಲಿಯಲ್ಲಿ ಅಪ್ಪಟ ನಾಸ್ತಿಕನ ಮುಖ ಹೊತ್ತು ಕೂರುತ್ತಿದ್ದೆ. ಕಷಾಯದ ರುಚಿಯ ಬಗ್ಗೆ ಬರೆಯುವಷ್ಟು ಕನ್ನಡ ನನಗೆ ಬರುವುದಿಲ್ಲ.

ಆದರೆ ಕೆಲವೇ ವಾರಗಳಲ್ಲಿ ನಿದ್ದೆ ಹಾರಿತು. ಸ್ವೆಟರ್ ಕಳಚಿತು. ಆಮೇಲೆ ಚುರುಕು ಅತಿಯಾಯಿತು. ಮೆಣಸಿನ ಬಳ್ಳಿ ಕಟ್ಟಿದೆ, ಅಟ್ಟ ಗುಡಿಸಿದೆ, ಎದೆ ಡವಡವ, ಸೀಮೆಸುಣ್ಣ ಹಿಡಿದ ಕೈ ನಡುಕ. ಬೋರ್ಡಿನ ಮೇಲೆ ಬೆಂಜೀನ್ ಉಂಗುರ ಬರೆದರೆ ಹಲಸಿನ ಹಣ್ಣಿನ ಹಾಗೆ ಕಾಣುತ್ತಿತ್ತು. "ಮದ್ವೆ ಆದ ಹೊಸದ್ರಲ್ಲೂ ಹಿಂಗಿರ್ಲಿಲ್ಲ" ಅಂದಳು ಹೆಂಡತಿ. ಹೊಗಳಿಕೆಯೋ ದೂರೋ ತಿಳಿಯಲಿಲ್ಲ.

ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ತಳ ಕಂಡಿತ್ತು. ಡಾಕ್ಟರಮ್ಮ ಫಲಿತಾಂಶ ನೋಡಿದರು, ನನ್ನನ್ನು ನೋಡಿದರು.

"ಈಗ ಡೋಸ್ ಜಾಸ್ತಿ ಆಗಿದೆ ಸರ್. ಏನು ಬದಲಾಯಿಸಿದ್ರಿ? ಮೊದಲು ಮಾತ್ರೆ ಯಾವುದರಲ್ಲಿ ತಗೊಳ್ತಿದ್ರಿ?"

"ಕಾಫೀಲಿ."

"ಒಂದು ಗಂಟೆ ಏನೂ ಬೇಡ ಅಂದಿದ್ನಲ್ಲ?"

"ಏನೂ ತಿಂತಿರಲಿಲ್ಲ."

"ಕಾಫಿ?"

"ಅದು ಕಾಫಿ ಡಾಕ್ಟ್ರೇ."

ಅವರು ಪೆನ್ನು ಕೆಳಗಿಟ್ಟು, ಕಾಫಿಯು ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ ಎಂಬುದನ್ನು ಪಿಯುಸಿ ಮಕ್ಕಳಿಗೆ ಹೇಳುವಂತೆ ವಿವರಿಸಿದರು. ಇಷ್ಟು ದಿನ ಏರಿಸಿದ್ದೆಲ್ಲ ಕಾಫಿಯ ಜೊತೆ ಗುದ್ದಾಡಲು ಖರ್ಚಾಗಿತ್ತು. ಈಗ ಎದುರಾಳಿ ಇಲ್ಲ, ಎಲ್ಲವೂ ನನ್ನ ಮೇಲೇ ಬಿದ್ದಿತ್ತು. ಡೋಸ್ ಅರ್ಧದಷ್ಟು ಇಳಿಸಿದರು.

ಸುದ್ದಿ ಶನಿವಾರಸಂತೆ ತಲುಪಿದ್ದು ಹೀಗೆ: ಚಿಕ್ಕತ್ತೆಯ ಕಷಾಯಕ್ಕೆ ಡಾಕ್ಟರಮ್ಮನೇ ಸೋತು ಮಾತ್ರೆ ಅರ್ಧ ಮಾಡಿದರು.

ಫೋನು

ಹೋದ ಭಾನುವಾರ ಚಿಕ್ಕತ್ತೆ ನಮ್ಮ ಮನೆಯಲ್ಲೇ ಇದ್ದರು. ಅವರ ಫೋನಿಗೆ ಕರೆ ಬಂತು. ಎರಡು ಮಾತಾಡಿ ಫೋನನ್ನು ನನ್ನ ಕೈಗೆ ತುರುಕಿದರು. "ತಿತಿಮತಿ ಕಡೆ ಎಸ್ಟೇಟಿನ ರೈಟರಂತೆ. ಆಳು ಲೆಕ್ಕ ಬರೀತಾ ನಿದ್ದೆ ಹೋಯ್ತಾರಂತೆ, ಥೈರಾಯ್ಡು. ನೀವೇ ಹೇಳಿ. ಸೈನ್ಸ್ ಮೇಷ್ಟ್ರು ಹೇಳಿದ್ರೆ ನಂಬ್ತಾರೆ."

ನನ್ನ ಮುಂದೆ ಎರಡೇ ದಾರಿ. ಕಷಾಯ ಗೆದ್ದಿತು ಅನ್ನಬೇಕು, ಇಲ್ಲವೇ ನಾನು ದಡ್ಡ ಅನ್ನಬೇಕು. ವಿಜ್ಞಾನದ ಮರ್ಯಾದೆಗಾಗಿ ದಡ್ಡನಾಗುವುದೆಂದು ತೀರ್ಮಾನಿಸಿದೆ.

"ನೋಡಿ, ಕಷಾಯದಿಂದ ಏನೂ ಆಗಿಲ್ಲ. ನಾನು ಮಾತ್ರೇನ ಕಾಫೀಲಿ ನುಂಗ್ತಿದ್ದೆ. ನೀವು?"

"ನಾನೂ ಕಾಫೀಲೇ ಸಾರ್. ಮತ್ತೆ ಇನ್ಯಾವುದ್ರಲ್ಲಿ?"

"ಅದೇ ತಪ್ಪು! ನೀರಲ್ಲಿ ನುಂಗಿ. ಒಂದು ಗಂಟೆ ಕಾಫಿ ಕುಡೀಬೇಡಿ. ಅಷ್ಟೇ."

"ಎದ್ದು ಒಂದು ಗಂಟೆ ಕಾಫಿ ಇಲ್ದೆನಾ? ಅದೆಲ್ಲ ಆಗೋ ಮಾತಲ್ಲ ಸಾರ್. ಅಮ್ಮಂಗೆ ಫೋನ್ ಕೊಡಿ."

ಕೊಟ್ಟೆ. ಚಿಕ್ಕತ್ತೆ ಗಂಟಲು ಸರಿಮಾಡಿಕೊಂಡರು. "ಕೇಳಪ್ಪ. ಮಾತ್ರೆ ಬಿಡಂಗಿಲ್ಲ. ಎದ್ದ ಕೂಡ್ಲೆ ನೀರಲ್ಲಿ ನುಂಗ್ಬೇಕು. ಒಂದು ಗಂಟೆ ಬಿಟ್ಟು ಕಷಾಯ. ಅಲ್ಲೀಗಂಟ ಕಾಫಿ ಮುಟ್ಟಂಗಿಲ್ಲ. ಪಥ್ಯ."

ರೈಟರ್ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಪಥ್ಯ ಅಂದ್ಮೇಲೆ ಮಾಡ್ಲೇಬೇಕಲ್ಲಮ್ಮ. ಮಾಡ್ತೀನಿ. ಆ ಮೇಷ್ಟ್ರು ಏನೋ ಕಾಫೀನೇ ಬಿಡು ಅಂತಿದ್ರು."

ಚಿಕ್ಕತ್ತೆ ನನ್ನ ಕಡೆ ನೋಡಿ, ಫೋನಿಗೆ ಸಮಾಧಾನದ ದನಿಯಲ್ಲಿ ಹೇಳಿದರು: "ಅವ್ರ ಮಾತು ಬಿಡಪ್ಪ. ಇನ್ನೂ ಪೂರ್ತಿ ಹುಷಾರಾಗಿಲ್ಲ."