ಮೊದಲು ಪಟ್ಟಿ

ಮೇಷ್ಟ್ರ ದೂರು ಇಷ್ಟೇ: ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವರು ಅಂಗೈಯಗಲದ ಇಂಟರ್ನೆಟ್ ರೌಟರ್‌ನಿಂದ ‘ಗೊತ್ತಿಲ್ಲ’ ಅನ್ನಿಸಿಕೊಳ್ಳಬೇಕೆ? ಅದೂ ಭಾನುವಾರ, ಅದೂ ಅತ್ತೆಯವರು ಮನೆಯಲ್ಲಿರುವಾಗ!

ಈ ರೌಟರ್ ಸಾಮಾನ್ಯದ್ದಲ್ಲ. ಕಂಪನಿಯವರು ತುಂಬಿಕೊಟ್ಟ ಮೂಲ ತಂತ್ರಾಂಶ, ಅಂದರೆ ಫರ್ಮ್‌ವೇರ್, ಕಿತ್ತುಹಾಕಿ ಅದಕ್ಕೆ ಬೇರೆಯದೇ ಬುದ್ಧಿ ತುಂಬಿದವನು ಮೇಷ್ಟ್ರ ಪ್ರಾಣಸ್ನೇಹಿತ, ರೇಡಿಯೊ ರಿಪೇರಿಯ ‘ಸ್ಕ್ರೂ’. (ಅವನಿಗೆ ಒಂದು ಸಡಿಲ ಎಂದು ಬೀದಿಯವರ ಮಾತು, ಬೀದಿಗೇ ಎರಡು ಕಡಿಮೆ ಎಂದು ಮೇಷ್ಟ್ರ ಮಾತು.)

ಸ್ಕ್ರೂ ತೀರಿಕೊಂಡು ಮೂರು ತಿಂಗಳಾಗಿತ್ತು. ಹೋದ ವಾರ ಅವನ ಹೆಂಡತಿ ಒಂದು ಪೆನ್‌ಡ್ರೈವ್, ಒಂದು ಹಾಳೆ ತಂದುಕೊಟ್ಟಿದ್ದರು. ಪೆನ್‌ಡ್ರೈವ್ ಮೇಲೆ ಅವನದೇ ಕೋಳಿಕಾಲು ಅಕ್ಷರ: ‘ಮೇಷ್ಟ್ರ ಡಬ್ಬಿಗೆ.’ ಕಂಪ್ಯೂಟರಿಗೆ ಚುಚ್ಚಿದರೆ ಅದು, ಓದಲು ಬರುವುದಿಲ್ಲ, ಎಲ್ಲ ಅಳಿಸಲೇ ಎಂದು ಕೇಳಿತು. ಮೇಷ್ಟ್ರು ತಕ್ಷಣ ಕಿತ್ತುಕೊಂಡರು. ಡಬ್ಬಿ ಎಂದರೆ ರೌಟರ್. ಅದರ ಬೆನ್ನಲ್ಲೊಂದು ಕಿಂಡಿಯೂ ಇತ್ತು. ಆದರೆ ಪೆನ್‌ಡ್ರೈವ್ ಓದುವ ವಿದ್ಯೆ ಅದಕ್ಕಿನ್ನೂ ಬಂದಿರಲಿಲ್ಲ. ಅದಕ್ಕೆ ನಾಲ್ಕು ಪ್ಯಾಕೇಜ್, ಅಂದರೆ ಪುಟ್ಟ ಪ್ರೋಗ್ರಾಂಗಳನ್ನು, ಇನ್‌ಸ್ಟಾಲ್ ಮಾಡಬೇಕು, ಹೇಗೆಂಬುದು ಹಾಳೆಯಲ್ಲಿತ್ತು.

ಮೇಷ್ಟ್ರು ಅಂಗಿಯ ತೋಳು ಮಡಚಿ, ಕಂಪ್ಯೂಟರಿನಿಂದ ಡಬ್ಬಿಗೆ ಮೊದಲ ಪ್ಯಾಕೇಜಿನ ಹೆಸರು ಟೈಪಿಸಿದರು. ‘ಅಂಥ ಪ್ಯಾಕೇಜ್ ಗೊತ್ತಿಲ್ಲ’ ಎಂದಿತು ಡಬ್ಬಿ. ಕಾಗುಣಿತ ತಿದ್ದುವವರಂತೆ ಒಂದೊಂದೇ ಅಕ್ಷರ ನೋಡಿ ಮತ್ತೆ ಒತ್ತಿದರು. ಗೊತ್ತಿಲ್ಲ. ಸಿಟ್ಟು ನೆತ್ತಿಗೇರಿ ರೌಟರನ್ನೇ ಆರಿಸಿ ಹಚ್ಚಿದರು. ಒಳಗೆ ಇಂಟರ್ನೆಟ್‌ನಲ್ಲಿ ಸಿನಿಮಾ ನೋಡುತ್ತಿದ್ದ ಅತ್ತೆಯವರ ಆರ್ತನಾದ ಕೇಳಿಸಿತು:

“ಅಳಿಯಂದ್ರೇ! ಆ ಪೊಲೀಸಿನವ್ನು ಬಾಗಿಲು ಒದಿಯೋಕೆ ಕಾಲೆತ್ತಿದೋನು ಹಾಗೇ ನಿಂತ್ಬಿಟ್ಟಿದಾನೆ! ಪಾಪ, ಕಾಲು ನೋಯಲ್ವೇ?”

ಮೇಷ್ಟ್ರ ಹೆಂಡತಿ ಕನ್ನಡಕ ಏರಿಸಿಕೊಂಡು ಬಂದು ಹಾಳೆ ಎತ್ತಿಕೊಂಡರು.

“ರೀ, ಮೊದಲ್ನೇ ಸಾಲು ಯಾಕೆ ಬಿಟ್ರಿ? ‘ಮೊದಲು ಅಂಗಡಿ ಪಟ್ಟಿ ತರಿಸು’ ಅಂತಿದೆ. ಪಕ್ಕದಲ್ಲೇ ಅಪ್‌ಡೇಟ್ ಅಂತ ಬರೆದಿದಾರೆ.”

“ಆ ಮಾತು ಎತ್ತಬೇಡ! ‘ಅಪ್‌ಡೇಟ್ ಒತ್ತಿದ್ರೆ ನಾನು ಹಾಕಿದ್ದೆಲ್ಲ ಮಟಾಷ್’ ಅಂತ ಅವನೇ ಹೇಳಿದ್ದ.” ಮೇಷ್ಟ್ರ ದನಿ ಸಣ್ಣಗಾಯಿತು. “ನಮ್ಮನೇಲಿ ಅವನ ಕೈಕೆಲಸ ಅಂತ ಉಳಿದಿರೋದು ಇದೊಂದೇ ಕಣೇ.”

ಹೆಂಡತಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಅವರು ಹೇಳಿದ್ದು ಫರ್ಮ್‌ವೇರ್ ಅಪ್‌ಡೇಟ್ ಮಾತು. ಅದು ಅಡುಗೆಮನೇನೇ ಕೆಡವಿ ಕಟ್ಟಿದ ಹಾಗೆ. ಇದು ಅಂಗಡೀಲಿ ಏನೇನು ಸಿಗುತ್ತೆ ಅಂತ ಪಟ್ಟಿ ತರಿಸೋದು, ಅಷ್ಟೇ. ಪಟ್ಟಿ ಬಿಟ್ಟು ಹೋಗಿ ಸಕ್ಕರೆ ಬದಲು ಇಲಿಬೋನು ತಂದೋರು ನೀವು! ನಿಮ್ಮನ್ನ ನೋಡೇ ಬರೆದಿದಾರೆ.”

“ಇಲಿಬೋನು ಬೇಕಾಗಿತ್ತು.”

“ಇಲಿ ಇರ್ಲಿಲ್ಲ!”

ಮೇಷ್ಟ್ರು ಕಣ್ಣು ಮುಚ್ಚಿ ಅಪ್‌ಡೇಟ್ ಒತ್ತಿದರು. ಏನೂ ಅಳಿಸಲಿಲ್ಲ. ಪಟ್ಟಿ ಬಂತು, ಪಟ್ಟಿಯ ಹಿಂದೆಯೇ, ಕರೆದ ಕೂಡಲೇ ಎದ್ದು ನಿಲ್ಲುವ ಒಳ್ಳೇ ಹುಡುಗರಂತೆ ನಾಲ್ಕೂ ಪ್ಯಾಕೇಜುಗಳು ಬಂದು ಕೂತವು. ಪೆನ್‌ಡ್ರೈವಿನ ದೀಪ ಪಿಳಿಪಿಳಿ ಎಂದಿತು. “ಗೆದ್ದೆ!” ಎಂದು ಮೇಷ್ಟ್ರು ಹೊಡೆದ ಕೂಗಿಗೆ ಒಳಗೆ ಪೊಲೀಸಿನವನೂ ಬಾಗಿಲು ಒದ್ದು ಮುಗಿಸಿದ.

ಅರವತ್ತೆರಡು ರೆಕಾರ್ಡಿಂಗುಗಳಿದ್ದವು. ಸ್ಕ್ರೂನ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ ಅವನೂ ಮೇಷ್ಟ್ರೂ ಆಡಿದ ಅರವತ್ತೊಂದು ಚೆಸ್ ಆಟಗಳ ಜಗಳ ಅಷ್ಟೂ ಅಲ್ಲಿತ್ತು. ಎಲ್ಲಕ್ಕೂ ಮೊದಲಿನದು ಮಾತ್ರ ಬೇರೆ. ಮೇಷ್ಟ್ರು ಅದನ್ನು ಒತ್ತಿದರು. ಕೆಮ್ಮು, ಆಮೇಲೆ ಆ ಗೊಗ್ಗರು ದನಿ:

“ಲೋ ಮೇಷ್ಟ್ರೇ, ಕೇಳಿಸ್ತಾ? ಹಾಗಾದ್ರೆ ಅತ್ತಿಗೆ ಪಕ್ಕದಲ್ಲೇ ಇದಾರೆ. ಇದು ನಿನ್ನೊಬ್ಬನ ಕೈಲಿ ಆಗೋ ಕೆಲಸ ಅಲ್ಲ. ಅತ್ತಿಗೇ, ಮೊದಲ್ನೇ ಸಾಲು ಬಿಟ್ಟಿದ್ದ ತಾನೇ?”

“ಬಿಟ್ಟಿದ್ರು!” ಎಂದು ಹೆಂಡತಿ ಡಬ್ಬಿಗೇ ಉತ್ತರ ಕೊಟ್ಟರು. ಸ್ಕ್ರೂ ಹೊಟ್ಟೆ ಬಿರಿಯುವಂತೆ ನಕ್ಕ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಕಣ್ಣೂ ಒರೆಸಿದರು, ಮತ್ತೆ ಮೊದಲಿನಿಂದ ಹಾಕಿದರು. ಐದನೆಯ ಸಲಕ್ಕೆ ಅತ್ತೆಯವರೂ ಬಂದು “ಬಿಟ್ಟಿದ್ರು!” ಎಂದು ದನಿಗೂಡಿಸಿದರು.

ಸಂಜೆ ಹೆಂಡತಿ ಸಾಮಾನಿನ ಪಟ್ಟಿ ಕೊಟ್ಟಾಗ ಮೇಷ್ಟ್ರು ವಾದ ಮಾಡಲಿಲ್ಲ. ಎದೆಯ ಜೇಬಿಗಿಟ್ಟು, ದಿಗ್ವಿಜಯಕ್ಕೆ ಹೊರಟ ಅರಸನಂತೆ ನಡೆದರು. ಅಂಗಡಿಯಲ್ಲಿ ಒಂದೊಂದೂ ಓದಿ ತೆಗೆಸಿದರು. ಒಂದೂ ತಪ್ಪಲಿಲ್ಲ.

“ಚೀಲ ಕೊಡಿ ಮೇಷ್ಟ್ರೇ” ಎಂದ ಅಂಗಡಿಯವನು.

ಚೀಲ ಪಟ್ಟಿಯಲ್ಲಿರಲಿಲ್ಲ.